ಡಬ್ಬಿಯಲ್ಲಿ ಉಳಿದ ನಾಲ್ವರು

ನಮ್ಮ ಮನೆಯ ಫ್ರಿಜ್ಜಿನ ನೆತ್ತಿಯ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಬಿಸ್ಕತ್ತೊಂದು ಬಿಟ್ಟು ಅದರಲ್ಲಿ ಎಲ್ಲವೂ ಸಿಗುತ್ತದೆ: ಮುಚ್ಚಳ ಕಳೆದುಕೊಂಡ ಅಮೃತಾಂಜನ, ಯಾರ ಕಣ್ಣಿಗೆ ತಂದದ್ದೆಂದು ಮರೆತುಹೋದ ಡ್ರಾಪ್ಸ್, ತೀರಿಹೋದ ಮಾವನವರ ಬಿ.ಪಿ. ಮಾತ್ರೆ. ಹೋದ ಸೋಮವಾರ ಗಂಟಲು ಕೆರೆಯತೊಡಗಿತು, ಡಬ್ಬಿಗೆ ಕೈ ಹಾಕಿದೆ. ಅಮಾಕ್ಸಿಸಿಲಿನ್ 500ರ ಸ್ಟ್ರಿಪ್ ಸಿಕ್ಕಿತು. ಹತ್ತರಲ್ಲಿ ಆರು ಖಾಲಿ, ನಾಲ್ಕು ಭರ್ತಿ. ಒಂದನ್ನು ಒತ್ತಿ ತೆಗೆಯಬೇಕು, ಅಷ್ಟರಲ್ಲಿ ಅದೇ ಗಂಟಲು ಸರಿಮಾಡಿಕೊಂಡಿತು.

ಸ್ಟ್ರಿಪ್: ಕೈ ತೆಗೀರಿ ಸ್ವಾಮಿ. ಮೊದಲು ಮಾತಾಡೋಣ.

ನಾನು: ಸರಿ. ತಾವು ಇಲ್ಲಿ ಯಾವಾಗಿನಿಂದ?

ಸ್ಟ್ರಿಪ್: ನಿಮ್ಮ ಭಾವಮೈದುನರು ದಸರಾಕ್ಕೆ ಬಂದಾಗಿನಿಂದ. ಡಾಕ್ಟರು ಬರೆದದ್ದು ದಿನಕ್ಕೆ ಎರಡು, 10 ದಿನ. ನಾವು ಇಪ್ಪತ್ತು ಜನ ಹೊರಡಬೇಕಿತ್ತು. ಅವರು ಅಂಗಡಿಯಲ್ಲಿ ‘ಸದ್ಯಕ್ಕೆ ಒಂದು ಸ್ಟ್ರಿಪ್ ಕೊಡಿ’ ಅಂದರು. ಮೂರನೇ ದಿನ ಜ್ವರ ಬಿಟ್ಟಿತು, ಮೈಸೂರುಪಾಕು ಗಂಟಲಲ್ಲಿ ಇಳಿಯಿತು. ನಾವು ನಾಲ್ವರು ಡಬ್ಬಿ ಸೇರಿದೆವು. ಅಂದಿನಿಂದ ನಮ್ಮ ಹುದ್ದೆಯ ಹೆಸರು ‘ಇರಲಿ, ಬೇಕಾಗುತ್ತೆ.’

ನಾನು: ಆದರೂ ಅವನಿಗೆ ವಾಸಿಯಾಯಿತಲ್ಲ?

ಸ್ಟ್ರಿಪ್: ನೋವು ನಾನಿಲ್ಲದಿದ್ದರೂ ಮೂರರಿಂದ ಐದು ದಿನಕ್ಕೆ ಇಳಿಯುತ್ತೆ. ಅದಕ್ಕೇ ಈ ಕಾಯಿಲೆಗೆ ಯಾರು ಏನು ಕೊಟ್ಟರೂ ಕೈಗುಣ ಅನ್ನಿಸಿಕೊಳ್ಳುತ್ತಾರೆ. ನನ್ನನ್ನು ಕಳಿಸಿದ್ದು ಗಂಟಲಲ್ಲಿ ಬಿಡಾರ ಹೂಡಿದವರನ್ನು ಒಕ್ಕಲೆಬ್ಬಿಸಲು. ಅರ್ಧ ಒಕ್ಕಲೆಬ್ಬಿಸಿದ ಒಕ್ಕಲು ಮತ್ತೆ ಬಂದು ಕೂರುತ್ತೆ.

ನಾನು: ಯಾರವರು?

ಸ್ಟ್ರಿಪ್: ಸ್ಟ್ರೆಪ್ಟೊಕಾಕಸ್ ಪಯೋಜಿನಸ್. ಸೂಕ್ಷ್ಮದರ್ಶಕದಲ್ಲಿ ಮಣಿಸರ ಪೋಣಿಸಿದ ಹಾಗೆ ಕಾಣುತ್ತಾರೆ. ವಿಯೆನ್ನಾದ ಶಸ್ತ್ರವೈದ್ಯ ಬಿಲ್‌ರೋತ್ 1874ರಲ್ಲಿ ಆ ಸರ ನೋಡಿಯೇ ಗ್ರೀಕಿನಲ್ಲಿ ಹೆಸರಿಟ್ಟ. ಒಂದು ಮಾತು ಹೆಮ್ಮೆಯಿಂದ ಹೇಳುತ್ತೇನೆ: ಇಷ್ಟು ವರ್ಷವಾದರೂ ನಮ್ಮ ಪೆನಿಸಿಲಿನ್ ವಂಶದ ಎದುರು ನಿಲ್ಲಲು ಅವರು ಕಲಿತಿಲ್ಲ. ಪಕ್ಕದಲ್ಲಿ ಮಲಗಿರುವ ಅಜಿತ್ರೊಮೈಸಿನ್ ಈ ಮಾತು ಹೇಳಲಾರ.

ನಾನು: ಗಂಟಲು ನೋವು ಅಂದರೆ ಅಂಗಡಿಯವರು ಅವನನ್ನೇ ಕೊಡುತ್ತಾರಲ್ಲ, ಮೂರು ಮಾತ್ರೆ.

ಸ್ಟ್ರಿಪ್: ಮೂರು ದಿನದ ಹೀರೋ! ಪೆನಿಸಿಲಿನ್ ಆಗದವರಿಗೆಂದು ಇಟ್ಟುಕೊಳ್ಳಬೇಕಾದವನನ್ನು ಪ್ರಸಾದದಂತೆ ಹಂಚಿದ್ದೀರಿ. ಅವನ ಪಟ್ಟುಗಳನ್ನು ಆ ಸರದವರು ಎಷ್ಟೋ ಕಡೆ ಕಲಿತುಬಿಟ್ಟಿದ್ದಾರೆ. ನನ್ನ ಬೆನ್ನು ತಿರುಗಿಸಿ, ಕೆಂಪು ಗೆರೆ ಇದೆ. ಚೀಟಿ ಇಲ್ಲದೆ ಇದನ್ನು ದಾಟಬೇಡಿ ಅಂತ ಕೇಂದ್ರ ಸರ್ಕಾರ 2016ರಲ್ಲಿ ಆಂದೋಲನವನ್ನೇ ಮಾಡಿತು. ಲಕ್ಷ್ಮಣರೇಖೆ ದಾಟಿಸೋಕೆ ಪಾಪ ರಾವಣ ಸನ್ಯಾಸಿ ವೇಷ ಹಾಕಬೇಕಾಯಿತು. ನೀವು ‘ಹೋದ ಸಲದ್ದೇ ಕೊಡಪ್ಪ’ ಅಂದರೆ ಮುಗಿಯಿತು.

ನಾನು: ಭಾವಮೈದುನನ ಮೈಮೇಲೆ ದದ್ದು ಬೇರೆ ಎದ್ದಿತ್ತು, ಅದೇನು?

ಸ್ಟ್ರಿಪ್: ಆ ದಿನದ ಸಭೆ ನೆನೆದರೆ ಈಗಲೂ ನನ್ನ ಫಾಯಿಲ್ ನಡುಗುತ್ತೆ. ನಿಮ್ಮ ಅತ್ತೆಯವರು ‘ಅಮ್ಮ’ ಅಂದರು, ಬಾಗಿಲಿಗೆ ಬೇವಿನ ಸೊಪ್ಪು ಬಂತು. ನಿಮ್ಮ ಮನೆಯವರು ದಡಾರ ಅಂದರು. ಹೊರಗೆ ಮಳೆ ಸುರಿಯುತ್ತಿದ್ದರೂ ನೀವು ಬೆವರುಸಾಲೆ ಅಂದಿರಿ. ಮೈ ಮುಟ್ಟಿ ನೋಡಿದವರು ಡಾಕ್ಟರೊಬ್ಬರೇ. ಕಂದು ಮೈಯಲ್ಲಿ ಕೆಂಪು ಕಣ್ಣಿಗೆ ಅಷ್ಟಾಗಿ ಕಾಣದು, ಬೆರಳಿಗೆ ಸಿಗುತ್ತೆ. ಪಾರಿಜಾತದ ಎಲೆ ಸವರಿದಂತೆ ತರಿತರಿ. ಕುತ್ತಿಗೆ, ಎದೆಯಿಂದ ಹರಡುತ್ತೆ. ಕಂಕುಳು, ತೊಡೆಸಂದಿನ ಮಡಿಕೆಗಳಲ್ಲಿ ಗೀಟು ಎಳೆದಂತೆ ಗಾಢ. ತುಟಿಯ ಸುತ್ತ ಮಾತ್ರ ಬಿಳಚಿಕೆ. ನಾಲಿಗೆ ಮೊದಲು ಬಿಳಿ ಲೇಪ, ಆಮೇಲೆ ಸ್ಟ್ರಾಬೆರಿ ಹಣ್ಣು. ಅಮ್ಮನ ಗುಳ್ಳೆಯಾದರೆ ನೀರು ತುಂಬಿರುತ್ತೆ. ದಡಾರವಾದರೆ ಕೆಮ್ಮು, ಕೆಂಗಣ್ಣು ಮುಂದಾಗಿ ಬಂದು, ದದ್ದು ಮುಖದಿಂದ ಇಳಿಯುತ್ತೆ. ಅವರದು ಸ್ಕಾರ್ಲೆಟ್ ಜ್ವರ, ಅದೇ ಸರದವರು ಬಿಡುವ ವಿಷದಿಂದ ಬರೋದು. ದೊಡ್ಡವರಲ್ಲಿ ಅಪರೂಪ. ಆದರೆ ಯು.ಕೆ.ಜಿ. ಓದುವ ಮಗಳು ಸ್ಕೂಲಿಂದ ಟಿಫನ್ ಡಬ್ಬಿಯ ಜೊತೆ ಇನ್ನೇನೇನು ತರುತ್ತಾಳೆ ಅಂತ ಯಾರು ನೋಡ್ತಾರೆ? ವಾರ ಕಳೆದ ಮೇಲೆ ಅವರ ಬೆರಳ ತುದಿ ಸಿಪ್ಪೆ ಸುಲಿಯಿತು. ಪಾತ್ರೆ ಸೋಪಿನ ಕಾಟ ಅಂತ ತೀರ್ಮಾನವಾಯಿತು. ಜೀವಮಾನದಲ್ಲಿ ಒಂದು ಲೋಟ ತೊಳೆದವರಲ್ಲ!

ನಾನು: ಆ ದದ್ದು ನಿಮ್ಮಿಂದಾದ ಅಲರ್ಜಿ ಅಂತ ಅವನು ಈಗಲೂ ಹೇಳ್ತಾನೆ.

ಸ್ಟ್ರಿಪ್: ನಾನು ಹೊಟ್ಟೆಗಿಳಿಯುವ ಮುಂಚೆಯೇ ಎದ್ದ ದದ್ದು ಸ್ವಾಮಿ ಅದು! ಹಾಗಂತ ನಾನು ಪೂರ್ತಿ ಸಾಚಾ ಅಲ್ಲ. ಎಪ್‌ಸ್ಟೀನ್-ಬಾರ್ ಅನ್ನುವ ವೈರಸ್ ಬಂದಾಗಲೂ ಟಾನ್ಸಿಲ್ ಮೇಲೆ ಬಿಳಿ ಪದರ ಕಟ್ಟುತ್ತೆ, ಹರೆಯದವರಲ್ಲಿ ಹೆಚ್ಚು. ಸ್ಟ್ರೆಪ್ ಅಂದುಕೊಂಡು ಆಗ ನನ್ನನ್ನು ನುಂಗಿದರೆ ಮೈತುಂಬ ದದ್ದೇಳುತ್ತೆ. ಅದು ಸಾಮಾನ್ಯವಾಗಿ ಆಜನ್ಮ ಅಲರ್ಜಿಯಲ್ಲ. ನುಂಗಿದ ಸ್ವಲ್ಪ ಹೊತ್ತಿಗೇ ಪಿತ್ತಗಂಧೆ ಎದ್ದು, ತುಟಿ ಊದಿ, ಉಸಿರು ಕಟ್ಟಿದರೆ ಅದು ಅಸಲಿ ಅಲರ್ಜಿ, ಓಡಬೇಕಾದ್ದು ಆಸ್ಪತ್ರೆಗೆ. ಇನ್ನೊಂದು ಬಗೆ ಇದೆ: ಗಂಟಲು ವಾಸಿಯಾಗಿ ಎರಡು ಮೂರು ವಾರಕ್ಕೆ ಮೈಮೇಲೆ ಮಳೆಹನಿಯಂಥ, ಹೊಟ್ಟು ಏಳುವ ಚುಕ್ಕೆಗಳು. ಹನಿ ಸೋರಿಯಾಸಿಸ್. ಹುಳುಕಡ್ಡಿ ಮುಲಾಮಿಗೆ ಅದು ಸೊಪ್ಪು ಹಾಕಲ್ಲ.

ನಾನು: ಅಷ್ಟಕ್ಕೂ ಹತ್ತೇ ದಿನ ಯಾಕೆ?

ಸ್ಟ್ರಿಪ್: ಹೃದಯಕ್ಕೋಸ್ಕರ. ಅರೆಬರೆ ಬಿಟ್ಟ ಗಂಟಲಿನ ಜಗಳ ಕೆಲವರಲ್ಲಿ ವಾರಗಳಾದ ಮೇಲೆ ಕೀಲಿಗೂ ಹೃದಯದ ಕವಾಟಕ್ಕೂ ಹತ್ತುತ್ತೆ. ರುಮ್ಯಾಟಿಕ್ ಜ್ವರ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ. ಗಂಟಲು ನೋವು ಶುರುವಾಗಿ 9 ದಿನದೊಳಗೆ ನಮ್ಮನ್ನು ಕರೆದರೂ ಅದನ್ನು ತಡೆಯಬಹುದು. ಹತ್ತು ದಿನ ನುಂಗುವ ತಾಳ್ಮೆ ಇಲ್ಲದವರಿಗೆ ನಮ್ಮ ದೊಡ್ಡಪ್ಪ ಇದ್ದಾರೆ, ಬೆಂಜಥೀನ್ ಪೆನಿಸಿಲಿನ್. 12 ಲಕ್ಷ ಯೂನಿಟ್, ಸೊಂಟಕ್ಕೆ ಒಂದೇ ಸೂಜಿ. ಒಂದು ದಿನ ಕುಂಟಬೇಕಾಗುತ್ತೆ, ಅಷ್ಟೆ.

ನಾನು: ನನಗೂ ಈಗ ಗಂಟಲು…

ಸ್ಟ್ರಿಪ್: ಈಗ ಪ್ರಶ್ನೆ ಕೇಳುವ ಸರದಿ ನನ್ನದು. ಸೆಂಟರ್ ಅನ್ನುವ ಅಮೆರಿಕದ ಡಾಕ್ಟರು 1981ರಲ್ಲೇ ಪ್ರಶ್ನೆಪತ್ರಿಕೆ ಬರೆದಿಟ್ಟಿದ್ದಾರೆ. ಜ್ವರ?

ನಾನು: ಇಲ್ಲ.

ಸ್ಟ್ರಿಪ್: ಸೊನ್ನೆ. ಟಾರ್ಚ್ ಬಿಟ್ಟು ನೋಡಿ, ಟಾನ್ಸಿಲ್ ಊದಿದೆಯಾ, ಕೀವಿದೆಯಾ?

ನಾನು: ಬರೀ ಕೆಂಪು.

ಸ್ಟ್ರಿಪ್: ಸೊನ್ನೆ. ದವಡೆ ಕೆಳಗೆ ಮುಂದಿನ ಗಡ್ಡೆ ಒತ್ತಿದರೆ ನೋವು?

ನಾನು: ಇಲ್ಲ.

ಸ್ಟ್ರಿಪ್: ಕೆಮ್ಮು? ಇಲ್ಲದಿದ್ದರೆ ಒಂದು ಅಂಕ.

ನಾನು: (ಕೆಮ್ಮಿದೆ.)

ಸ್ಟ್ರಿಪ್: ಸೊನ್ನೆ. ಮೂಗೂ ಸುರೀತಿದೆ. ಕೊನೇ ಪ್ರಶ್ನೆ ಆಮೇಲೆ ಬೇರೆಯವರು ಸೇರಿಸಿದ್ದು: ವಯಸ್ಸು?

ನಾನು: 51.

ಸ್ಟ್ರಿಪ್: 45 ದಾಟಿದರೆ ಒಂದು ಅಂಕ ಕಳೀಬೇಕು. ಒಟ್ಟು ಮೈನಸ್ ಒಂದು.

ಎಸ್ಸೆಸ್ಸೆಲ್ಸಿ ಗಣಿತದಲ್ಲೂ ನನಗೆ ಇಷ್ಟು ಕಡಿಮೆ ಬಂದಿರಲಿಲ್ಲ.

ಸ್ಟ್ರಿಪ್: ದೊಡ್ಡವರ ಗಂಟಲು ನೋವು ನೂರು ಬಂದರೆ ಸ್ಟ್ರೆಪ್ ಐದರಿಂದ ಹದಿನೈದು, ಮಿಕ್ಕಿದ್ದರಲ್ಲಿ ಬಹುಪಾಲು ವೈರಸ್. ವೈರಸ್ಸಿಗೂ ನನಗೂ ಮಾತುಕತೆಯೇ ಇಲ್ಲ. ಅಂಕ ಹೆಚ್ಚಿದ್ದರೂ ಗಂಟಲಿನ ಸ್ವಾಬ್ ತೆಗೆಸಿ ನೋಡೋದೇ ಮೇಲು. ಎ.ಎಸ್.ಓ. ರಕ್ತಪರೀಕ್ಷೆ ಮಾಡಿಸ್ತೀನಿ ಅಂತ ಹೊರಡಬೇಡಿ. ಅದು ಏರೋದು ವಾರ ಕಳೆದ ಮೇಲೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಉಪ್ಪುನೀರು ಮುಕ್ಕಳಿಸಿ, ಬೇಕಿದ್ದರೆ ಪ್ಯಾರಾಸಿಟಮಾಲ್. ಬಾಯಿ ತೆರೆಯಲಾಗದೆ, ಎಂಜಲು ನುಂಗಲಾಗದೆ, ಬಿಸಿ ಬೋಂಡಾ ಬಾಯಲ್ಲಿಟ್ಟುಕೊಂಡ ಹಾಗೆ ಮಾತು ಬರತೊಡಗಿದರೆ ಮಾತ್ರ ತಡಮಾಡಬೇಡಿ, ಒಳಗೆ ಕೀವು ಕಟ್ಟಿರುತ್ತೆ.

ನಾನು: ಹಾಗಾದರೆ ನಿಮ್ಮನ್ನು ಏನು ಮಾಡಲಿ?

ಸ್ಟ್ರಿಪ್ ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು: “ರೀ, ಮೇಲಿನ ಮನೆ ಆಂಟಿಗೆ ಗಂಟಲು ನೋವಂತೆ. ಡಬ್ಬಿಯಲ್ಲಿ ನಾಲ್ಕು ಮಾತ್ರೆ ಇರಬೇಕು ನೋಡಿ, ಕೊಟ್ಟು ಬನ್ನಿ.”