ಮೂರೇ ಜೀವದ ಮಾವ

ಮಾವ: ಈಗಿನದೂ ಒಂದು ಗೇಮೇನೋ? ಎಲ್ಲಿ ಹತ್ತಬೇಕು ಅಂತ ಗೋಡೆಗೆ ಹಳದಿ ಬಣ್ಣ ಬಳಿದಿರ್ತಾರೆ. ನಮ್ಮ ಕಾಲದ ಕಾಂಟ್ರಾ ಗೇಮಿನಲ್ಲಿ ಮೂರೇ ಜೀವ!

ಅಳಿಯ: ಮೇಲೆ-ಮೇಲೆ, ಕೆಳಗೆ-ಕೆಳಗೆ, ಎಡ-ಬಲ, ಎಡ-ಬಲ, ಬಿ, ಎ ಒತ್ತಿದ್ರೆ 30 ಜೀವ ಸಿಗ್ತಿತ್ತಲ್ಲ?

ಮಾವ: (ಕೆಮ್ಮುತ್ತಾ) ಅದು ಜ್ಞಾಪಕಶಕ್ತಿಯ ಪರೀಕ್ಷೆ. ನಿನ್ನ ಸಾಧನೆ ಏನಪ್ಪ?

ಅಳಿಯ: ಬಿಜಿಎಂಐ ಗೇಮಿನಲ್ಲಿ ಎಲ್ಲರನ್ನೂ ಸೋಲಿಸಿ ಚಿಕನ್ ಡಿನ್ನರ್!

ಮಾವ: ಹೊಡೆದದ್ದು ಮನುಷ್ಯರನ್ನೋ, ಕಂಪ್ಯೂಟರ್ ಆಡಿಸೋ ಬಾಟ್‌ಗಳನ್ನೋ?

ಅಳಿಯ: ಒಬ್ಬ ಗುಂಡು ತಿಂದರೂ ಗೋಡೆ ನೋಡ್ತಾ ನಿಂತಿದ್ದ... ಬಿಡಿ, ನನ್ನ ಪಾತ್ರದ ವೇಷ, ಸ್ಕಿನ್ ನೋಡಿ, ದುಡ್ಡು ಸುರಿದು ಗೆದ್ದದ್ದು!

ಮಾವ: ಥೂ!

ಅಳಿಯ: ಸವಾಲೇ ಬೇಕಾದ್ರೆ 2022ರ ಎಲ್ಡನ್ ರಿಂಗ್ ಆಡಿ. ಈಸಿ ಮೋಡೇ ಇಲ್ಲ. ಆದರೂ 2 ಕೋಟಿಗಿಂತ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ಮಾವ: (ಮರುದಿನ) ಕೊಂಡೆನಪ್ಪ. ಶುರುವಿನಲ್ಲೇ ಬಂಗಾರದ ಕವಚದ ಕುದುರೆ ಸವಾರ ಅಟ್ಟಾಡಿಸಿಕೊಂಡು ಹೊಡೆದ. ಅದಕ್ಕೇ ಹೇಳಿದ್ದು, ಈಗಿನ ಗೇಮುಗಳಲ್ಲಿ ಸವಾಲಿಲ್ಲ, ಬರೀ ಅನ್ಯಾಯ!