ಜಾಮೀನಾಗಿದೆ, ಆಳು ಬಂದಿಲ್ಲ

(ನಂಜನಗೂಡು ಕೋರ್ಟಿನೆದುರು ಟೀ ಅಂಗಡಿ. ಮಾವ ಇದೇ ಊರಿನವರು. ಅಳಿಯ ತಿರುಮಕೂಡಲಿನಿಂದ ಮೊದಲ ಬಸ್ಸಿಗೇ ಬಂದವನು.)

ಮಾವ: ಏನ್ ಅಳಿಮಯ್ಯ, ತಮ್ಮ ಬಂದ್ನಾ?

ಅಳಿಯ: ಜಾಮೀನೇನೋ ಆಗಿದೆ ಮಾವ. ಇಬ್ಬರು ಶ್ಯೂರಿಟಿ ಬೇಕಂತೆ, ಪಹಣಿ ಸಮೇತ.

ಮಾವ: ನಿಮ್ಮೂರಲ್ಲಿ ಕಾವೇರಿ, ಕಪಿಲೆ ಎರಡೂ ಸೇರ್ತವೆ. ಇಬ್ಬರು ಶ್ಯೂರಿಟಿ ಸೇರ್ಲಿಲ್ವಾ?

ಅಳಿಯ: ಕುಂಭಮೇಳನಾದ್ರೂ ಮೂರು ವರ್ಸಕ್ಕೊಂದ್ಸಲ ಬತ್ತದೆ. ಇವನ ವಿಚಾರಣೆ ಯಾವಾಗ್ಲೋ!

ಮಾವ: ತೀರ್ಪು ಬರೋಗಂಟ ಅವನು ನಿರಪರಾಧಿ ಕಣಪ್ಪ. ಅದಕ್ಕೇ ಜೋಪಾನವಾಗಿ ಒಳಗಿಟ್ಟವ್ರೆ.

ಅಳಿಯ: 2022ರ ಲೆಕ್ಕದಲ್ಲಿ ದೇಶದ ಜೈಲಲ್ಲಿರೋ ನೂರು ಜನರಲ್ಲಿ ಸುಮಾರು 75 ಮಂದಿ ವಿಚಾರಣಾಧೀನರಂತೆ.

ಮಾವ: ಮಿಕ್ಕ 25 ಜನ ಪುಣ್ಯವಂತರು ಬುಡು. ಶಿಕ್ಷೆ ಆಗಿದೆ, ಯಾವತ್ತು ಆಚೆ ಬತ್ತೀವಿ ಅಂತ ಅವರಿಗೆ ಗೊತ್ತು.

ಅಳಿಯ: ಹೊಸ ಕಾನೂನಿನ 479ನೇ ಕಲಮಿನಲ್ಲಿ, ಹಿಂದೆ ಶಿಕ್ಷೆ ಆಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲು ಒಳಗೇ ಕಳೆದಿದ್ರೆ ಬಾಂಡ್ ಮೇಲೆ ಬುಡ್ಬೇಕು ಅಂತ ಅದೆ.

ಮಾವ: ತೀರ್ಪಿಗೂ ಮುಂಚೆ ರಿಯಾಯ್ತಿ! ಆಷಾಢದ ಸೀರೆ ಅಂಗಡೀಲೂ ಹಿಂಗಿಲ್ಲ.

ಅಳಿಯ: ನಗಬ್ಯಾಡಿ ಮಾವ. ಬೆಟ್ಟದಪುರದ ಕೇಸಲ್ಲಿ ಹೆಂಡ್ತೀನ ಕೊಂದ ಅಂತ ಒಬ್ಬನ್ನ ವರ್ಸಾನುಗಟ್ಟಲೆ ಒಳಗಿಟ್ರು. 2025ರ ಏಪ್ರಿಲ್‌ನಲ್ಲಿ ಆಯಮ್ಮ ಮಡಿಕೇರಿ ಹೋಟ್ಲಲ್ಲಿ ಕಂಡ್ಲು, ಜೀವಂತ!

ಮಾವ: ಅವಳದೇ ತಪ್ಪು. ಚಾರ್ಜ್‌ಶೀಟ್ ಹಾಕಿದ್ಮ್ಯಾಕೆ ಸತ್ತೋರು ಹೋಟ್ಲಿಗೆ ಹೋಗಬಾರ್ದು.

ಅಳಿಯ: ಅದಿರ್ಲಿ, ನಿಮ್ಮ ಪಹಣಿ ಕೊಡ್ತೀರಾ?

(ಇಷ್ಟು ಹೊತ್ತು ಗಟ್ಟಿಯಾಗಿದ್ದ ಮಾವನ ದನಿ ಇಲ್ಲಿ ಸಣ್ಣಗಾಯಿತು.)

ಮಾವ: ಅದು ಸೊಸೈಟಿ ಸಾಲದಲ್ಲಿ ಅದೆ... ನಂಜುಂಡಪ್ಪನಿಗೆ ಹರಕೆ ಕಟ್ಕೊ.

ಅಳಿಯ: ದೇವರ ಹೆಸರಲ್ಲೂ ಪಹಣಿ ಇರ್ತದಲ್ವಾ?

ಮಾವ: ಇರ್ತದೆ. ಸಹಿ ಹಾಕಕ್ಕೆ ಕೋರ್ಟಿಗೆ ಬರ್ಬೇಕಲ್ಲಪ್ಪ!