ಬೂದು ಬಣ್ಣದ ಬರಗಾಲ

ಮೊಮ್ಮಗಳ ಕಾಡುಪ್ರಾಣಿ ಪುಸ್ತಕಕ್ಕೆ ಬಣ್ಣ ಬಳಿಯುವ ಕೂಲಿ ಈಚೆಗೆ ನನ್ನ ಪಾಲಿಗೆ ಬಂದಿದೆ. ಸಂಬಳ ಅರ್ಧ ಬಿಸ್ಕತ್ತು. ಅದೂ ಅವಳು ಕಚ್ಚಿ ಬಿಟ್ಟದ್ದು. ಬೂದು ಕ್ರೆಯಾನ್ ಸವೆದು ಕೈಗೇ ಸಿಗುತ್ತಿಲ್ಲ, ಆನೆಯೋ ಪುಟ ತುಂಬ ನಿಂತಿದೆ. ಕೆಂಗಂದು ಬಳಿದೆ. “ತಾತಾ, ಆನೆ ಇಟ್ಟಿಗೆ ಥರ ಇದೆ!” ಎಂದಳು. “ಬಂಡೀಪುರದ ಆನೆಗಳು ಕೆಮ್ಮಣ್ಣು ಎರಚಿಕೊಂಡು ಹೀಗೇ ಇರ್ತಾವೆ ಕಣೇ, ಬಿಸಿಲಿಗೂ ನೊಣಕ್ಕೂ ಅದೇ ಪೌಡರ್ರು” ಎಂದೆ. ನಂಬಿದಳು! ಧೈರ್ಯ ಬಂತು. ಕರಿಚಿರತೆಗೆ ಮೊದಲು ಚುಕ್ಕೆಗಳನ್ನು ಒತ್ತಿ ಬರೆದು, ಮೇಲೆ ಅದೇ ಕಪ್ಪನ್ನು ತೆಳ್ಳಗೆ ತೀಡಿದೆ. ಕಬಿನಿಯ ಬಿಸಿಲಲ್ಲಿ ನಿಜವಾದದ್ದರ ಚುಕ್ಕೆಯೂ ಹೀಗೇ ಇಣುಕುತ್ತದೆ. ಕಾಟಿಗೆ ಮೊಣಕಾಲಿನ ಕೆಳಗೆ ಬಣ್ಣವೇ ಬೇಡ, ಅಲ್ಲಿ ಬಿಳಿ ಕಾಲುಚೀಲ. ಜಿಪುಣರಿಗೆ ಹೇಳಿ ಮಾಡಿಸಿದ ಪ್ರಾಣಿ. ಈಗ ಜಿರಾಫೆಗೆ ನೇರಳೆ ಬೇಕಂತೆ. ಅದಕ್ಕೆ ಯಾವ ಕಾಡನ್ನು ಸಾಕ್ಷಿಗೆ ಕರೆಯಲಿ?